ಲೈನ್ ಮನೆಯಲ್ಲಿ ಕುರು ಹಬ್ಬುತ್ತಿದೆ ಎಂದು ಕೇಳಿದವರಿಗೆ

ಮೂಡಿಗೆರೆ ಕಡೆಯಿಂದ ನೀವು ಕೇಳಿದ್ದು ಓದಿದೆ. ಅರೇಬಿಕಾ ಕಾಫಿ ಕೊಯ್ಲಿಗೆ ಬಂದ ಒಬ್ಬರಿಗೆ ತೊಡೆಯಲ್ಲಿ ಕುರು ಎದ್ದಿತ್ತು, ಹದಿನೈದು ದಿನದಲ್ಲಿ ಅದೇ ಲೈನಿನ, ಅಂದರೆ ತೋಟದ ಆಳುಗಳ ಸಾಲುಮನೆಯ, ನಾಲ್ಕು ಜನಕ್ಕೆ ಆಗಿದೆ, ಉಷ್ಣಕ್ಕೆ ಆಯ್ತಾ, ಊಟ ಬದಲಿಸಬೇಕಾ ಅಂದಿದ್ದೀರಿ. ಊಟ ಹಾಗೇ ಇರಲಿ. ಮೊದಲು ಆ ಲೈನಿನಲ್ಲಿ ಎಷ್ಟು ಟವೆಲ್ ಇದೆ ಎಣಿಸಿ.

ಹೀಗೆ ಒಬ್ಬರ ಹಿಂದೆ ಒಬ್ಬರಿಗೆ ಕೀವುಗುಳ್ಳೆ ಎದ್ದರೆ ಹೆಚ್ಚಾಗಿ ಅದು ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾದ ಕೆಲಸ. ನೂರರಲ್ಲಿ ಸುಮಾರು 30 ಜನರ ಮೂಗಿನಲ್ಲಿ ಇದು ಯಾವ ತೊಂದರೆಯೂ ಕೊಡದೆ ಇರುತ್ತದೆ. ಕಾಫಿ ಗಿಡದ ಕೊಂಬೆ ತರಚಿದ ಕಡೆ, ಚಗಳಿ ಇರುವೆ ಕಚ್ಚಿದ್ದನ್ನು ಕೆರೆದುಕೊಂಡ ಕಡೆ ಚರ್ಮ ಒಡೆದರೆ ಒಳಗೆ ಇಳಿಯುತ್ತದೆ. ಆಮೇಲೆ ಕೀವು ತಾಗಿದ ಕೈ, ಬಟ್ಟೆ, ಬ್ಲೇಡು ಎಲ್ಲವೂ ಅದನ್ನು ಹೊತ್ತು ತಿರುಗುತ್ತವೆ. ಒಣಗಿದ ಬಟ್ಟೆಯ ಮೇಲೂ ದಿನಗಟ್ಟಲೆ ಬದುಕಿರುತ್ತದೆ.

ಎರಡು ವರ್ಷದ ಹಿಂದೆ ನಮ್ಮ ತೋಟದಲ್ಲೂ ಹೀಗೇ ಆಗಿತ್ತು. ಎಂಟು ಜನಕ್ಕೆ ಬಚ್ಚಲ ಮೊಳೆಯಲ್ಲಿ ಎರಡೇ ಟವೆಲ್ ನೇತಾಡುತ್ತಿದ್ದವು, ಗಂಡಸರಿಗೆಲ್ಲ ಒಂದೇ ರೇಜರ್. ಚಳಿ ಅಂತ ಒಂದು ಕಂಬಳಿಯೊಳಗೆ ಇಬ್ಬರು ಮೂವರು ಮಲಗುತ್ತಿದ್ದರು. ಬೈದು ಪ್ರಯೋಜನವಿಲ್ಲ, ಕೊಡಿಸಬೇಕು. ತಲೆಗೊಂದು ಟವೆಲ್, ಬೇರೆ ಬೇರೆ ಸೋಪು, ಬೇರೆ ಬ್ಲೇಡು, ಸಾಧ್ಯವಾದರೆ ಬೇರೆ ಹೊದಿಕೆ. ಇದಕ್ಕೆ ಆಗುವ ಖರ್ಚು ನಾಲ್ಕು ಆಳು ಒಂದು ವಾರ ಮಲಗಿದರೆ ಆಗುವ ನಷ್ಟದ ಮುಂದೆ ಏನೂ ಅಲ್ಲ. ಅವರ ನೋವಿನ ಲೆಕ್ಕ ಬೇರೆ.

ಕುರುವನ್ನು ಹಿಂಡಲು, ಸೂಜಿ ಚುಚ್ಚಲು ಯಾರಿಗೂ ಬಿಡಬೇಡಿ. ಹಿಂಡಿದರೆ ಕೀವು ಇನ್ನೂ ಆಳಕ್ಕೆ ಹೋಗಬಹುದು, ಹೊರಗೆ ಬಂದದ್ದು ಇನ್ನೊಬ್ಬರಿಗೆ ಅಂಟುತ್ತದೆ. ಶುದ್ಧ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಚರ್ಮ ಸುಡದ ಹಾಗೆ ಹತ್ತು ಹದಿನೈದು ನಿಮಿಷ ಶಾಖ ಕೊಡಲಿ, ದಿನಕ್ಕೆ ಮೂರು ನಾಲ್ಕು ಸಲ. ಒಡೆದ ಕುರುವಿಗೆ ಸುಣ್ಣ, ಸುಟ್ಟ ಈರುಳ್ಳಿ ಕಟ್ಟುವುದು ಬೇಡ. ಔಷಧಿ ಅಂಗಡಿಯ ಒಣ ಗಾಜ್ ಬಟ್ಟೆ ಇಟ್ಟು ಪೂರ್ತಿ ಮುಚ್ಚಿ, ಒದ್ದೆಯಾದಾಗೆಲ್ಲ ಬದಲಿಸಿ. ತೆಗೆದ ಪಟ್ಟಿಯನ್ನು ಚೀಲದಲ್ಲಿ ಕಟ್ಟಿ ಹಾಕಿ. ಪಟ್ಟಿ ಮುಟ್ಟುವ ಮೊದಲೂ ಆಮೇಲೂ ಸೋಪು ಹಚ್ಚಿ 20 ಸೆಕೆಂಡ್ ಕೈ ಉಜ್ಜಬೇಕು, ಉಗುರಿನ ಸಂದಿಯನ್ನೂ.

ಅವರ ಬಟ್ಟೆ, ಹೊದಿಕೆಯನ್ನು ಹಂಡೆಯ ಬಿಸಿನೀರಲ್ಲಿ ಸೋಪುಪುಡಿ ಹಾಕಿ ಒಗೆದು, ಮಂಜು ಸರಿದ ಮೇಲೆ ಬಿಸಿಲಿಗೆ ಹರವಿ. ಪೂರ್ತಿ ಒಣಗದೆ ಮಡಚಬೇಡಿ.

ಅಡುಗೆಯವರ ಕೈ ನೋಡಿದಿರಾ? ಇದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಬೆರಳಲ್ಲಿ ಕೀವಿದ್ದವರು ಅನ್ನ, ಪಲ್ಯ ಮುಟ್ಟಿ ಅದು ಗಂಟೆಗಟ್ಟಲೆ ಹಾಗೇ ಕೂತರೆ ಬ್ಯಾಕ್ಟೀರಿಯಾ ಅದರಲ್ಲಿ ವಿಷ ಬಿಡುತ್ತದೆ. ಮತ್ತೆ ಕುದಿಸಿದರೂ ಆ ವಿಷ ಹೋಗುವುದಿಲ್ಲ. ತಿಂದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ಲೈನಿಗೆ ಲೈನೇ ವಾಂತಿ ಮಾಡಿಕೊಳ್ಳಬಹುದು. ಗಾಯ ಮಾಯುವವರೆಗೆ ಅವರಿಗೆ ಅಡುಗೆ ಬಿಡಿಸಿ ಕಾಫಿ ಒಣಗಿಸುವ ಕಣದ ಕೆಲಸ ಕೊಡಿ. ಹಾಲು ಕರೆಯುವುದೂ ಬೇಡ. ಹಸುವಿನ ಕೆಚ್ಚಲು ಬಾವಿಗೂ ಇದೇ ಬ್ಯಾಕ್ಟೀರಿಯಾ ಒಂದು ಮುಖ್ಯ ಕಾರಣ, ಅಲ್ಲೂ ಅದು ಕರೆಯುವವರ ಕೈ ಮತ್ತು ಒರೆಸುವ ಬಟ್ಟೆಯಿಂದಲೇ ಒಂದು ಹಸುವಿನಿಂದ ಇನ್ನೊಂದಕ್ಕೆ ಹೋಗುತ್ತದೆ.

ಜ್ವರ ಬಂದರೆ, ಸುತ್ತಲಿನ ಕೆಂಪು ಹರಡುತ್ತಾ ಹೋದರೆ, ಕುರು ಮುಖದ ಮೇಲಿದ್ದರೆ, ಸಕ್ಕರೆ ಕಾಯಿಲೆಯವರಿಗೆ ಅಥವಾ ಚಿಕ್ಕ ಮಕ್ಕಳಿಗೆ ಎದ್ದರೆ ಮನೆಮದ್ದು ಬಿಟ್ಟು ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ದೊಡ್ಡ ಕುರುವನ್ನು ಅವರೇ ಕೊಯ್ದು ಕೀವು ತೆಗೆಯಬೇಕಾಗುತ್ತದೆ. ಇನ್ನೊಬ್ಬರಿಗೆ ಕೊಟ್ಟು ಉಳಿದ ಮಾತ್ರೆಯನ್ನು ದಯವಿಟ್ಟು ಹಂಚಬೇಡಿ. ಮೆಥಿಸಿಲಿನ್‌ನಂಥ ಆಂಟಿಬಯಾಟಿಕ್ ಔಷಧಿಗೂ ಬಗ್ಗದ ಸ್ಟ್ಯಾಫಿಲೊಕಾಕಸ್ ಈಗ ಇದೆ, ಯಾವುದು ಕೊಡಬೇಕು ಅಂತ ಡಾಕ್ಟರೇ ಹೇಳಬೇಕು. ಕೊಟ್ಟ ದಿನಗಳಷ್ಟೂ ನುಂಗಿಸಿ.

ಇವತ್ತು ಕೆಲಸ ಬಿಟ್ಟ ಮೇಲೆ ನಾಲ್ವರನ್ನೂ ಕೂರಿಸಿ ಕೇಳಿ, ಜ್ವರ ಇದೆಯಾ, ಕುರು ಎಲ್ಲೆಲ್ಲಿದೆ, ಮನೆಯಲ್ಲಿ ಮಕ್ಕಳಿಗೂ ಆಗಿದೆಯಾ ಅಂತ. ಇಲ್ಲಿ ಬರೆಯಿರಿ, ರಾತ್ರಿ ನೋಡುತ್ತೇನೆ.