"ತಲೆಗೆ ಹತ್ತಲ್ಲ ಮೇಡಂ"

ಸುಮಾ ಅಂತ ಇಟ್ಟುಕೊಳ್ಳೋಣ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಹಳ್ಳಿಯ ಕನ್ನಡ ಮಾಧ್ಯಮ, ಶಾಲೆಗೇ ಮೊದಲು. ಈಗ ಪೇಟೆಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಫಸ್ಟ್ ಪಿಯು ಸೈನ್ಸ್. ಫಿಸಿಕ್ಸ್ ಟೆಸ್ಟಿನಲ್ಲಿ ಫೇಲಾಗಿ ಸಲಹೆಗೆ ಅಂತ ನನ್ನ ಹತ್ರ ಬಂದಿದ್ದಳು. "ಇದೆಲ್ಲ ನನ್ನ ತಲೆಗೆ ಹತ್ತಲ್ಲ ಮೇಡಂ, ಆರ್ಟ್ಸ್‌ಗೆ ಹೋಗ್ತೀನಿ." (ಆರ್ಟ್ಸ್ ಅಂದ್ರೆ ದಡ್ಡರ ಪಾಲಿಗೆ ಅನ್ನೋ ಲೆಕ್ಕ ಬೇರೆ! ಆ ಜಗಳ ಇನ್ನೊಂದಿನ.)

ಪೇಪರ್ ತರಿಸಿ ನೋಡಿದೆ. ಇಳಿಜಾರಿನ ಮೇಲೊಂದು ಮರದ ತುಂಡು. ತೂಕದ ಬಾಣ ನೇರ ಕೆಳಕ್ಕೆ, ಘರ್ಷಣೆಯದ್ದು ಇಳಿಜಾರಿಗುಂಟ ಮೇಲಕ್ಕೆ, ಎಲ್ಲ ಸರಿ. ಪಕ್ಕದಲ್ಲಿ ಬರೆಯಬೇಕಿದ್ದ ನಾಲ್ಕು ಸಾಲು ಇಂಗ್ಲಿಷ್ ಮಾತ್ರ ಇಲ್ಲ. ಕನ್ನಡದಲ್ಲಿ ಹೇಳಮ್ಮ ಅಂದೆ, ತಡವರಿಸದೆ ಹೇಳಿದಳು.

ಆಮೇಲೆ ದಿನಚರಿ ಕೇಳಿದೆ. ಬೆಳಿಗ್ಗೆ ನೀರು ಹಿಡಿಯೋದು, ಪಾತ್ರೆ, ಮಾವನ ಮಕ್ಕಳ ಟಿಫಿನ್ ಡಬ್ಬಿ. ಸಂಜೆ ಮತ್ತೆ ಅಡುಗೆಮನೆ. ಪುಸ್ತಕ ತೆಗೆಯೋದು ರಾತ್ರಿ ಹತ್ತರ ಮೇಲೆ, ಅದೂ ಟಿವಿ ಇರೋ ಹಾಲಿನಲ್ಲಿ. ಇಂಥವಳಿಗೆ "ನಿನ್ನ ಮೇಲೆ ನಂಬಿಕೆ ಇಡು" ಅಂತ ಹೇಳಿ ಕಳಿಸಿದರೆ, ಕಡಿಮೆ ಅಂಕಕ್ಕೂ ಅವಳನ್ನೇ ಹೊಣೆ ಮಾಡಿದ ಹಾಗೆ, ಅಲ್ವಾ?

ಬುದ್ಧಿ ಬೆಳೆಸಿದರೆ ಬೆಳೆಯುತ್ತೆ ಅನ್ನೋ ಮಾತನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಹೆಸರಲ್ಲಿ ನಾವು ಎಲ್ಲರಿಗೂ ಹಂಚುತ್ತೇವೆ. ಆದರೆ ಇದೇ ಮಾತನ್ನು ಹೇಳಿಕೊಟ್ಟರೆ ಅಂಕ ಏರುತ್ತಾ ಅಂತ ಅಮೆರಿಕದ ಸುಮಾರು 12,000 ಒಂಬತ್ತನೇ ಕ್ಲಾಸ್ ಮಕ್ಕಳ ಮೇಲೆ ಡ್ವೆಕ್ ಅವರೂ ಇದ್ದ ತಂಡ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಓದಿನಲ್ಲಿ ಹಿಂದಿದ್ದವರ ಅಂಕ ಏರಿದ್ದು ಸ್ವಲ್ಪವೇ, ಅದೂ ಸುತ್ತಲಿನ ಹುಡುಗರು ಕಷ್ಟದ ಲೆಕ್ಕಕ್ಕೆ ಕೈ ಹಾಕೋದನ್ನು ಮೆಚ್ಚುವಂಥ ಶಾಲೆಗಳಲ್ಲಿ ಜಾಸ್ತಿ.

ಸುಮಾಗೆ ಹೇಳಿದ್ದು: ಉತ್ತರವನ್ನು ಮೊದಲು ಕನ್ನಡದಲ್ಲೇ ಬರಿ, ಆಮೇಲೆ ಇಂಗ್ಲಿಷಿಗೆ ತಾ. ತಪ್ಪಾದ ಕಡೆಯೆಲ್ಲ "ಬರಲ್ಲ" ಅನ್ನೋ ಬದಲು ಯಾವ ಹೆಜ್ಜೆಯಲ್ಲಿ ನಿಂತೆ ಅಂತ ಗುರುತು ಹಾಕು. ಮೆಟ್ರಿಕ್ ನಂತರದ ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಹಾಕು. ಸಿಇಟಿಯಲ್ಲಿ ಹತ್ತನೇವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಹಳ್ಳಿ ಮಕ್ಕಳಿಗೆ ಮೀಸಲು ಸೀಟುಗಳಿವೆ. ಅದಕ್ಕೆ ಬೇಕಾದ ಸರ್ಟಿಫಿಕೇಟ್ ಈಗಲೇ ಮಾಡಿಸಿಟ್ಟುಕೋ. ಅದನ್ನು ಕೇಳೋಕೆ ನಾಚಿಕೆ ಅಂದಳು. ಏನೂ ನಾಚಿಕೆ ಇಲ್ಲ ಕಣಮ್ಮ, ನಿನ್ನ ಪಕ್ಕದವಳು ಎಲ್‌ಕೆಜಿಯಿಂದ ಇಂಗ್ಲಿಷಲ್ಲೇ ಓದಿದಾಳೆ ಅಂದೆ.

ಲೆಕ್ಚರರ್‌ಗೆ ಫೋನ್ ಮಾಡಿ, ಪಾಠಕ್ಕೆ ಮೊದಲೇ ಹೊಸ ಪದಗಳ ಪಟ್ಟಿ ಕೊಡಿ ಅಂತ ಕೇಳಿಕೊಂಡೆ. ಒಪ್ಪಿದರು. ಸಂಜೆ ಅವಳಿಗೆ ಓದೋಕೆ ಬಿಡುವು ಕೊಡಿ ಅಂತ ಅತ್ತೆಯನ್ನು ಒಪ್ಪಿಸೋದು ಕಷ್ಟವಾಯಿತು. "ನಾವೇನು ಕೆಲಸದವಳ ಥರ ಇಟ್ಕೊಂಡಿದೀವಾ?" ಅಂತ ನೊಂದುಕೊಂಡರು. ಅವರೂ ಬೆಳಿಗ್ಗೆ ಆರಕ್ಕೆ ಗಾರ್ಮೆಂಟ್ಸ್‌ಗೆ ಹೊರಡುವವರು, ಬೈಯೋಕೆ ಮನಸ್ಸು ಬರಲಿಲ್ಲ. ಕೊನೆಗೆ ಸಂಜೆ ಏಳರಿಂದ ಒಂಬತ್ತು ಒಳಗಿನ ರೂಮು ಸುಮಾಗೆ, ಪಾತ್ರೆ ಮಾವನ ದೊಡ್ಡ ಮಗನಿಗೆ ಅಂತಾಯಿತು.

ಮುಂದಿನ ಫಿಸಿಕ್ಸ್ ಟೆಸ್ಟಿನಲ್ಲಿ ಪಾಸಾದಳು, ಅಷ್ಟೇ. ಕೆಮಿಸ್ಟ್ರಿ ಇನ್ನೂ ಕೈಗೆ ಸಿಕ್ಕಿಲ್ಲ. ಅದರ ಪೇಪರ್ ತಗೊಂಡು ಬಾ ಅಂದಿದ್ದೇನೆ.