ಕೊಳವೆ ಕಂತೆಯ ಮೈಕು ಯಾಕೆ ಗುಂಯ್‌ಗುಡುತ್ತದೆ?

ಪ್ರಶ್ನೆ: ದೂರದ ಮರದ ಹಕ್ಕಿಗಳ ಕೂಗನ್ನು ರೆಕಾರ್ಡ್ ಮಾಡಲು 5 ಸೆಂ.ಮೀ.ನಿಂದ 95 ಸೆಂ.ಮೀ. ತನಕ ಬೇರೆ ಬೇರೆ ಉದ್ದದ 19 ಅಲ್ಯೂಮಿನಿಯಂ ಕೊಳವೆಗಳನ್ನು ಕಂತೆ ಕಟ್ಟಿದ್ದೇನೆ. ಹಿಂದೆ ಆಲಿಕೆ, ಅದರೊಳಗೆ ಮೈಕು. ಒಂದೊಂದು ಕೊಳವೆ ಒಂದೊಂದು ಸ್ವರ ಹಿಡಿಯುತ್ತದೆ ಎಂದು ಓದಿದ್ದೆ. ಆದರೆ ಎಲ್ಲ ಸದ್ದೂ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಹಕ್ಕಿಯೂ ಹತ್ತಿರ ಬಂದಂತಿಲ್ಲ. ಏನು ಮಾಡಲಿ?

ಉತ್ತರ: ಸ್ವರ ಹಿಡಿಯುವ ಮಾತನ್ನು ನಾನೂ ಬಹಳ ದಿನ ನಂಬಿದ್ದೆ. ನನ್ನ ಮೊದಲ ಕಂತೆಯಲ್ಲಿ ಕೊಳವೆಗಳ ಬಾಯಿಗಳನ್ನೆಲ್ಲ ಮುಂದೆ ಒಂದೇ ಮಟ್ಟಕ್ಕೆ ತಂದು, ಹಿಂದಿನ ತುದಿಗಳನ್ನು ಏರುಪೇರಾಗಿ ಬಿಟ್ಟಿದ್ದೆ. ಸ್ವರ ಹಿಡಿಯುವುದಷ್ಟೇ ಕೆಲಸವಾದರೆ ಹೇಗೆ ಜೋಡಿಸಿದರೇನು, ಅಲ್ವಾ? ಯಾವ ಕಡೆ ತಿರುಗಿಸಿದರೂ ಸದ್ದು ಒಂದೇ ಥರ ಇತ್ತು. ಬಿಚ್ಚಿ, ಹಿಂದುಮುಂದಾಗಿ ಕಟ್ಟಿದಾಗ ಗುಟ್ಟು ಹೊಳೆಯಿತು.

ಹಿಂದಿನ ತುದಿಗಳು ಮೈಕಿನ ಹತ್ತಿರ ಒಂದೇ ಮಟ್ಟದಲ್ಲಿರಬೇಕು. ಬಾಯಿಗಳು ಮೆಟ್ಟಿಲಿನಂತೆ ಹಿಂದೆ ಮುಂದೆ ಇರಬೇಕು. ಆಗ ನೇರ ಎದುರಿನಿಂದ ಬಂದ ಸದ್ದು ಯಾವ ಕೊಳವೆ ಹೊಕ್ಕರೂ ಮೈಕಿನ ತನಕ ಅಷ್ಟೇ ದೂರ ನಡೆಯುತ್ತದೆ. ಎಲ್ಲ ಅಲೆಗಳೂ ಒಟ್ಟಿಗೆ ತಲುಪಿ ಕೂಡಿಕೊಳ್ಳುತ್ತವೆ. ಪಕ್ಕದಿಂದ ಬಂದ ಸದ್ದು ಎಲ್ಲ ಬಾಯಿಗಳನ್ನೂ ಒಂದೇ ಹೊತ್ತಿಗೆ ಹೊಕ್ಕರೂ ಒಳಗೆ ನಡೆಯುವ ದೂರ ಬೇರೆ ಬೇರೆ. ಒಂದು ಏರುವಾಗ ಇನ್ನೊಂದು ಇಳಿಯುತ್ತದೆ, ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಈ ಕಂತೆಯ ಕೆಲಸ ಇಷ್ಟೇ, ಆದರೆ ಎಷ್ಟು ಚೆಂದದ ಕೆಲಸ! 1939ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮೇಸನ್ ಮತ್ತು ಮಾರ್ಷಲ್ ವಿವರಿಸಿದ ಮೈಕಿನಲ್ಲಿ 3 ಸೆಂ.ಮೀ.ನಿಂದ 150 ಸೆಂ.ಮೀ. ತನಕ 50 ಕೊಳವೆಗಳಿದ್ದವು.

ಈಗ ನಿಮ್ಮ ಬಾವಿಯ ಸದ್ದಿಗೆ ಬರೋಣ. ಯಾವ ಕೊಳವೆಯಾದರೂ ಕೊಳಲಿನಂತೆ ತನ್ನದೇ ಸ್ವರಕ್ಕೆ ಮಿಡಿಯುತ್ತದೆ. ಅದು ನಮಗೆ ಬೇಡದ ಗುಣ. ಪ್ರತಿ ಕೊಳವೆಯ ಹೊರಬಾಯಿಗೆ ಚೂರು ಉಣ್ಣೆ ಅಥವಾ ಹತ್ತಿ ಸಡಿಲವಾಗಿ ತುರುಕಿ. ಊದಿದರೆ ಉಸಿರು ಸಲೀಸಾಗಿ ದಾಟಬೇಕು, ಅಷ್ಟೇ. ಗಾಳಿ ಜಾಸ್ತಿ ಓಡಾಡುವುದು ಬಾಯಿಯ ಹತ್ತಿರವೇ, ಹಾಗಾಗಿ ಗುಂಯ್‌ಗುಡುವುದನ್ನು ತಡೆಯಲು ಅದೇ ಸರಿಯಾದ ಜಾಗ. ಆಳವಾದ ಆಲಿಕೆಯೂ ಮಡಕೆಯಂತೆ ಗುನುಗುತ್ತದೆ. ಅದನ್ನು ಕತ್ತರಿಸಿ, ಮೈಕನ್ನು ಕೊಳವೆಗಳಿಂದ ಸುಮಾರು ಒಂದು ಸೆಂಟಿಮೀಟರ್ ದೂರಕ್ಕೆ ತನ್ನಿ. ಸಂದುಗಳನ್ನೆಲ್ಲ ಮೇಣದಿಂದ ಮುಚ್ಚಿ. ಒಂದು ಸಣ್ಣ ಬಿರುಕು ಉಳಿದರೂ ಪಕ್ಕದ ಸದ್ದು ಅಲ್ಲಿಂದಲೇ ನುಗ್ಗುತ್ತದೆ.

19 ಒಳ್ಳೆಯ ಲೆಕ್ಕ. ನಡುವೆ 1, ಸುತ್ತ 6, ಅದರ ಸುತ್ತ 12, ಒತ್ತಾಗಿ ಕೂರುತ್ತವೆ. ಉದ್ದದವು ನಡುವೆ ಇರಲಿ, ಗಿಡ್ಡವು ಹೊರಗೆ. ನಿಮ್ಮ ಕಂತೆ ಸುಮಾರು 360 ಹರ್ಟ್ಸ್‌ಗಿಂತ ಮೇಲಿನ ಪಕ್ಕದ ಸದ್ದನ್ನು ಚೆನ್ನಾಗಿ ಅಳಿಸಬಲ್ಲದು. ಅದಕ್ಕಿಂತ ಕೆಳಗಿನ ಲಾರಿ, ಪಂಪುಗಳ ಗುಡುಗುಡು ಎಲ್ಲ ದಿಕ್ಕಿನಿಂದಲೂ ಬರುತ್ತದೆ. ಮೇಲೂ ಒಂದು ಮಿತಿ ಇದೆ. ಉದ್ದಗಳ ನಡುವಿನ ಅಂತರ 5 ಸೆಂ.ಮೀ. ಆದ್ದರಿಂದ ಬೆನ್ನ ಹಿಂದಿನ 3,400 ಹರ್ಟ್ಸ್ ಆಸುಪಾಸಿನ ಸದ್ದು ಮತ್ತೆ ಕೂಡಿಕೊಂಡು ಜೋರಾಗಿ ಕೇಳುತ್ತದೆ. ಹಕ್ಕಿಗಳ ಕೂಗು ಬಹಳಷ್ಟು ಇರುವುದೇ ಆ ಆಸುಪಾಸಿನ ಸ್ವರಗಳಲ್ಲಿ. ಇನ್ನೊಂದು ಸುತ್ತು, ಅಂದರೆ 18 ಕೊಳವೆ ಸೇರಿಸಿ, ಅಂತರವನ್ನು ಎರಡೂವರೆ ಸೆಂಟಿಮೀಟರ್‌ಗೆ ಇಳಿಸಿದರೆ ಆ ತೊಂದರೆ 6,800ರ ಆಚೆ ಹೋಗುತ್ತದೆ.

ಇನ್ನು ಹಕ್ಕಿ ಹತ್ತಿರ ಬರಲಿಲ್ಲ ಎಂಬ ಬೇಸರ. ಕೊಳವೆಗಳು ದನಿಯನ್ನು ದೊಡ್ಡದು ಮಾಡುವುದಿಲ್ಲ, ಸುತ್ತಲಿನ ಗದ್ದಲವನ್ನಷ್ಟೇ ತಗ್ಗಿಸುತ್ತವೆ. ಸಣ್ಣ ದನಿ ದೊಡ್ಡದಾಗಬೇಕೆಂದರೆ ಬೋಗುಣಿಯಾಕಾರದ ಪ್ಯಾರಾಬೋಲಾ ಬೇಕು. ಅಗಲವಾದ ಬಾಯಿಗೆ ಬಿದ್ದ ಸದ್ದನ್ನೆಲ್ಲ ಅದು ಮೈಕಿನ ಮೇಲೆ ಒಟ್ಟುಗೂಡಿಸುತ್ತದೆ. ಬರೀ ಹಕ್ಕಿಗಾದರೆ ನಾನು ಅದನ್ನೇ ಆರಿಸುತ್ತೇನೆ. ಆದರೂ ಕಟ್ಟಿದ ಕಂತೆಯನ್ನು ಬಿಸಾಡಬೇಡಿ. ಉಣ್ಣೆ ತುರುಕಿದ ಮೇಲೆ ಬಯಲಿಗೆ ಒಯ್ಯಿರಿ. ಕೋಣೆಯಲ್ಲಿ ಗೋಡೆಗೆ ಬಡಿದು ಬರುವ ಸದ್ದು ದಾರಿ ತಪ್ಪಿಸುತ್ತದೆ. ಹತ್ತು ಮೀಟರ್ ದೂರದಲ್ಲಿ ಫೋನಿನಿಂದ 1,000 ಹರ್ಟ್ಸ್‌ನ ಒಂದೇ ಸ್ವರ ನುಡಿಸಿ, ಇಯರ್‌ಫೋನ್ ಹಾಕಿಕೊಂಡು ಕಂತೆಯನ್ನು ನಿಧಾನವಾಗಿ ತಿರುಗಿಸಿ. ಸ್ವರ ಕುಗ್ಗಿ, ಮತ್ತೆ ಎದ್ದು, ಮತ್ತೆ ಕುಗ್ಗುವುದು ಕಿವಿಗೇ ಸಿಗುತ್ತದೆ.