ಎಲ್‌ಸ್ಯಾಟ್‌ನ ಜೋಡಿ ಪ್ಯಾಸೇಜ್: ಎರಡೂ ಅರ್ಥವಾದರೂ ಉತ್ತರ ಯಾಕೆ ತಪ್ಪುತ್ತದೆ?

ಜೋಡಿ ಪ್ಯಾಸೇಜ್ ಅಂದರೆ ಹತ್ತಿರದ ವಿಷಯಗಳ ಮೇಲೆ ಇಬ್ಬರು ಬರೆದ, ಒಟ್ಟಿಗೆ ಓದಿ ಉತ್ತರಿಸಬೇಕಾದ ಎರಡು ಚಿಕ್ಕ ಬರಹಗಳು, ಎ ಮತ್ತು ಬಿ. ಪ್ಯಾಸೇಜ್ ಎ ಅರ್ಥವಾಗುತ್ತದೆ, ಬಿ ಕೂಡ ಅರ್ಥವಾಗುತ್ತದೆ, ಆದರೆ ಎರಡನ್ನೂ ಸೇರಿಸಿ ಕೇಳುವ ಪ್ರಶ್ನೆಗಳೇ ತಪ್ಪುತ್ತವೆ ಅಂತ ಬರೆದಿದ್ದೀರಿ. ಅಮೆರಿಕದ ಲಾ ಸ್ಕೂಲ್‌ಗೆ ಸೇರಬೇಕು ಅಂತ ಎಲ್‌ಸ್ಯಾಟ್ ಪ್ರವೇಶ ಪರೀಕ್ಷೆಗೆ ಓದುವಾಗ ನನಗೂ ಇದೇ ತೊಂದರೆ ಇತ್ತು. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ರೀಡಿಂಗ್ ಸೆಕ್ಷನ್ನಿಗೆ 35 ನಿಮಿಷ, ನಾಲ್ಕು ಸೆಟ್ (ಓದಲು ಪ್ಯಾಸೇಜ್, ಅದರ ಮೇಲೆ ಪ್ರಶ್ನೆಗಳು). ಅದರಲ್ಲಿ ಒಂದು ಈ ಜೋಡಿ. ಎರಡೂ ಸೇರಿದರೆ ಉದ್ದ ಹೆಚ್ಚುಕಡಿಮೆ ಒಂದು ಮಾಮೂಲಿ ಪ್ಯಾಸೇಜ್‌ನಷ್ಟೇ. ಅಂದರೆ ಓದುವ ಕೆಲಸ ಜಾಸ್ತಿ ಇಲ್ಲ. ತೊಂದರೆ ಇರುವುದು ಬೇರೆ ಕಡೆ.

ಇಬ್ಬರು ಬರೆದಿದ್ದಾರೆ ಅಂದ ಕೂಡಲೇ ನಾವು ಜಗಳ ಹುಡುಕುತ್ತೇವೆ. ಒಬ್ಬರು ಹೌದು ಅಂದರೆ ಇನ್ನೊಬ್ಬರು ಅಲ್ಲ ಅನ್ನಲೇಬೇಕು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅಲ್ಲಿ ಜಗಳವೇ ಇರುವುದಿಲ್ಲ. ಒಬ್ಬರು ತತ್ವ ಹೇಳಿದರೆ ಇನ್ನೊಬ್ಬರು ಒಂದು ಪ್ರಸಂಗ ಹೇಳುತ್ತಾರೆ, ಅಷ್ಟೇ.

ನಾನೇ ಕಟ್ಟಿದ ಒಂದು ಜೋಡಿ ನೋಡಿ. 1997ರಲ್ಲಿ ಡೆಲ್ಗಮೂಕ್ ಕೇಸಿನಲ್ಲಿ ಕೆನಡಾದ ಸುಪ್ರೀಂ ಕೋರ್ಟ್, ಭೂಮಿಯ ಹಕ್ಕಿನ ವಿಚಾರದಲ್ಲಿ ಮೂಲನಿವಾಸಿಗಳ ಬಾಯಿಮಾತಿನ ಚರಿತ್ರೆಯನ್ನೂ ಸಾಕ್ಷ್ಯವಾಗಿ ತೂಗಬೇಕು ಅಂದಿತು. ಪ್ಯಾಸೇಜ್ ಎ ಬರೆದವರು ವಕೀಲರು ಅಂದುಕೊಳ್ಳಿ. ಬರೆದಿಡುವ ರೂಢಿಯೇ ಇಲ್ಲದ ಜನರನ್ನು ದಾಖಲೆ ತನ್ನಿ ಅನ್ನುವುದು ಅನ್ಯಾಯ, ಕೋರ್ಟ್ ಮಾಡಿದ್ದು ಸರಿ ಎನ್ನುತ್ತಾರೆ. ಪ್ಯಾಸೇಜ್ ಬಿ ಬರೆದವರು ಜನಪದ ಸಂಶೋಧಕರು. ಒಂದೇ ಕಥೆ ಹೇಳುವವರಿಂದ ಹೇಳುವವರಿಗೆ ಬದಲಾಗುತ್ತದೆ, ಆದರೆ ಹಳ್ಳ, ಗುಡ್ಡ, ಗಡಿಯ ಹೆಸರುಗಳು ಹಾಗೇ ಉಳಿಯುತ್ತವೆ ಎನ್ನುತ್ತಾರೆ.

ಈಗ ಪ್ರಶ್ನೆ: ಇಬ್ಬರ ನಡುವೆ ಭಿನ್ನಾಭಿಪ್ರಾಯ ಯಾವುದರಲ್ಲಿ? 'ಬಾಯಿಮಾತಿನ ಕಥೆಗಳು ಬದಲಾಗುತ್ತವೆಯೇ' ಅನ್ನುವ ಆಪ್ಷನ್ ಕಣ್ಣಿಗೆ ಹೊಡೆಯುತ್ತದೆ. ಆದರೆ ಎ ಬರೆದವರು ಆ ವಿಷಯ ಎತ್ತಿಯೇ ಇಲ್ಲ! ವಕೀಲರಲ್ವಾ, ಒಪ್ಪಲಿಕ್ಕಿಲ್ಲ ಅಂತ ನಾವೇ ಅವರ ಬಾಯಿಗೆ ಮಾತು ತುರುಕುತ್ತೇವೆ. ನನ್ನ ತಪ್ಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ತಿರುಗಿಸಿ ನೋಡಿದರೆ ಅರ್ಧಕ್ಕೂ ಹೆಚ್ಚು ತಪ್ಪು ಇದೇ ಜಾತಿಯವು. ಒಬ್ಬರು ಸುಮ್ಮನಿದ್ದ ಕಡೆ ನಾನು ಅವರ ಪರವಾಗಿ ಮಾತಾಡಿದ್ದೆ.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಎ ಓದಿ ಮುಗಿಸಿದ ಮೇಲೆ ಅರೆಕ್ಷಣ ನಿಂತು, 'ಇವರು ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ' ಅಂತ ಕೇಳಿಕೊಳ್ಳುತ್ತಿದ್ದೆ. ಅದೇ ಪ್ರಶ್ನೆ ಹಿಡಿದುಕೊಂಡು ಬಿ ಓದುತ್ತಿದ್ದೆ. ಇಬ್ಬರ ಪ್ರಶ್ನೆಯೂ ಒಂದೆಯೋ, ಬೇರೆಯೋ? ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. 'ಇಬ್ಬರೂ ಒಪ್ಪುತ್ತಾರೆ', 'ಇಬ್ಬರೂ ಹೇಳಿದ್ದಾರೆ' ಅನ್ನುವ ಪ್ರಶ್ನೆ ಬಂದರೆ ಪ್ರತಿ ಪ್ಯಾಸೇಜಿನಲ್ಲೂ ಒಂದೊಂದು ಸಾಲು ತೋರಿಸಲು ಆಗಬೇಕು. ಒಂದರಲ್ಲಿ ಸಿಗಲಿಲ್ಲವೋ, ಆ ಆಪ್ಷನ್ ಬಿಡಿ. ಎಷ್ಟೇ ಸರಿ ಅನ್ನಿಸಿದರೂ ಬಿಡಿ.

ಧಾಟಿಯ ಪ್ರಶ್ನೆಗಳೂ ಬರುತ್ತವೆ. ಅದಕ್ಕೆ ಬೇರೆ ತಯಾರಿ ಬೇಡ. ಒಬ್ಬರು ವಾದ ಮಾಡುತ್ತಿದ್ದಾರೆ, ಒಬ್ಬರು ವಿವರಿಸುತ್ತಿದ್ದಾರೆ ಅಂತ ಗುರುತಿಸಿದರೆ ಸಾಮಾನ್ಯವಾಗಿ ಸಾಕು.

ಇನ್ನೊಂದು ಮಾತು. ಯಾರೋ ಕೊಟ್ಟ ತುಂಬಾ ಹಳೆಯ ಪುಸ್ತಕದಲ್ಲಿ ಈ ಜೋಡಿಗಳನ್ನು ಹುಡುಕಬೇಡಿ. ಇವು ಪರೀಕ್ಷೆಗೆ ಬಂದಿದ್ದೇ 2007ರ ಜೂನ್‌ನಲ್ಲಿ. ಪರೀಕ್ಷೆ ನಡೆಸುವ ಸಂಸ್ಥೆ ಎಲ್‌ಎಸ್‌ಎಸಿಯ ವೆಬ್‌ಸೈಟ್ ಲಾಹಬ್‌ನಲ್ಲಿ ಉಚಿತ ಪ್ರಾಕ್ಟೀಸ್ ಟೆಸ್ಟ್‌ಗಳಿವೆ, ಅದರಿಂದ ಶುರು ಮಾಡಿ. ಮೊದಲ ಕೆಲವು ಸೆಟ್ ಗಡಿಯಾರ ನೋಡದೆ ಮಾಡಿ. ಈ ಕಾರಣಕ್ಕೆ ಬಿಟ್ಟ ಪ್ರತಿ ಆಪ್ಷನ್‌ಗೂ 'ಎ ಸುಮ್ಮನಿದ್ದಾರೆ' ಅಥವಾ 'ಬಿ ಸುಮ್ಮನಿದ್ದಾರೆ' ಅಂತ ಒಂದು ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ.